ಎಡಗಡೆ ಟಾಂಜಾನಿಯಾ, ಬಲಗಡೆ ಐರ್ಲೆಂಡ್

ವಿಲೆ ಪಾರ್ಲೆಯ ನನ್ನ ಮನೆಯಲ್ಲಿ ಮಧ್ಯಾಹ್ನದ ಚಹಾಕ್ಕೆ ನೀರಿಟ್ಟಿದ್ದೆ, ಅಷ್ಟರಲ್ಲಿ ಫೋನ್ ಟಿಂಗ್ ಅಂದಿತು. ಬೊರಿವಲಿಯಿಂದ ಮೊಮ್ಮಗಳು ಅನ್ವಿ ಒಂದು ಫೋಟೋ ಕಳಿಸಿದ್ದಳು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರೆ ಏಳನೇ ಕ್ಲಾಸಿನ ವರ್ಕ್‌ಶೀಟು. ಆಫ್ರಿಕಾದ ಒಂದು ದೇಶ, ಯುರೋಪಿನ ಒಂದು ದೇಶ ಆರಿಸಿಕೊಂಡು ಅಲ್ಲಿನ ಜನಜೀವನ ಮತ್ತು ಆರ್ಥಿಕತೆಯನ್ನು ಹೋಲಿಸಿ ಎಂಬ ಪ್ರಶ್ನೆ. ಕೆಳಗೆ ಖಾಲಿ ಪಟ್ಟಿ, ಅದಕ್ಕೆ ಎರಡು ಕಾಲಂ. ಮನೆ, ನೀರು, ಊಟ, ಕೆಲಸ, ರಫ್ತು.

ಫೋಟೋದ ಬೆನ್ನಿಗೇ ಅವಳ ಫೋನು. "ಅಜ್ಜೀ, ಯೂ ವರ್ ಜಿಯಾಗ್ರಫಿ ಟೀಚರ್, ನಾ? ಫಟಾಫಟ್ ಹೇಳು. ನಂಗೆ ಸ್ವಿಮ್ಮಿಂಗ್‌ಗೆ ಹೋಗ್ಬೇಕು."

"ಬರಕೋ," ಅಂದೆ. "ಎಡಗಡೆ ಟಾಂಜಾನಿಯಾ, ಬಲಗಡೆ ಐರ್ಲೆಂಡ್. ಮನೆ. ಟಾಂಜಾನಿಯಾ: ಮಣ್ಣಿನ ಗೋಡೆ, ಹುಲ್ಲಿನ ಮಾಡು. ಐರ್ಲೆಂಡ್: ಕಲ್ಲಿನ ಅಥವಾ ಇಟ್ಟಿಗೆಯ ಮನೆ, ಪ್ರತಿ ಮನೆಗೂ ನಲ್ಲಿ..."

ಹದಿನೆಂಟು ವರ್ಷದ ಹಿಂದೆ ರಿಟೈರ್ ಆದವಳು ನಾನು. ನಿನ್ನೆ ಸಂಜೆ ತಂದ ಕೊತ್ತಂಬರಿ ಎಲ್ಲಿಟ್ಟೆ ಎಂದು ಇವತ್ತು ನೆನಪಾಗುವುದಿಲ್ಲ, ಈ ಪಟ್ಟಿ ಮಾತ್ರ ನಾಲಿಗೆ ಮೇಲೆ ತಾನೇ ಓಡಿತು. 'ನಲ್ಲಿ' ಎಂಬಲ್ಲಿಗೆ ಬಂದು ನಿಂತಿತು.

"ಅರ್ಧಾ ತಾಸು ತಡಿ ಪುಟ್ಟಿ. ನಾನೇ ಫೋನ್ ಮಾಡ್ತೀನಿ."

"ಕ್ಯಾ ಅಜ್ಜಿ, ಭೂಲ್ ಗಯೀ?"

ಮರೆತಿದ್ದರೆ ಸುಖವಾಗಿರುತ್ತಿದ್ದೆ. ಗ್ಯಾಸು ಸಣ್ಣ ಮಾಡಿ ಕಿಟಕಿಯ ಹತ್ತಿರ ಕೂತೆ. ನೀವೂ ಕೂಡಿ, ಹೇಳುತ್ತೇನೆ.

ನಾನು ಓದಿದ ಕಾನ್ವೆಂಟಿನಲ್ಲೇ ಪಾಠ ಹೇಳಲಿಕ್ಕೂ ಸೇರಿದವಳು. ಮಾಟುಂಗದ ನಮ್ಮ ಮನೆಯಲ್ಲಿ ಅಪ್ಪಟ ಧಾರವಾಡದ ಮಾತು. ಶಾಲೆಯ ಗೇಟು ದಾಟಿದರೆ ಇಂಗ್ಲಿಷ್ ಒಂದೇ. ಬೇರೆ ಭಾಷೆಯ ಒಂದು ಶಬ್ದ ಬಾಯಿಂದ ಬಿದ್ದರೆ ಕೊರಳಿಗೆ ಒಂದು ರಟ್ಟಿನ ಬೋರ್ಡು ಹಾಕುತ್ತಿದ್ದರು, ಮುಂದಿನ ಹುಡುಗಿ ಸಿಕ್ಕಿಬೀಳುವವರೆಗೆ ಅದನ್ನು ಹೊತ್ತು ತಿರುಗಬೇಕು. ನನ್ನ ಕೊರಳಿಗೆ ಅದು ಬಿದ್ದದ್ದು ಒಮ್ಮೆ ಮಾತ್ರ, ಕಾಲು ಜಾರಿ "ಯವ್ವಾ" ಅಂದದ್ದಕ್ಕೆ. ಆಮೇಲೆ ಬೀಳುವುದನ್ನೂ ಇಂಗ್ಲಿಷಿನಲ್ಲೇ ಕಲಿತೆ. ಅಂಥವಳು ಟೀಚರ್ ಆದರೆ ಹೇಗಿರುತ್ತಾಳೆ, ನೀವೇ ಊಹಿಸಿ. ಗಂಜಿ ಹಾಕಿದ ಕಾಟನ್ ಸೀರೆ, ಗಂಜಿ ಹಾಕಿದ ಮಾತು.

ಆರನೇ ಕ್ಲಾಸಿನ ಭೂಗೋಳ ನನ್ನದು. ವರ್ಷಕ್ಕೊಮ್ಮೆ ಬೋರ್ಡಿನ ನಡುವೆ ಗೆರೆ ಎಳೆದು ಟಾಂಜಾನಿಯಾ ಮತ್ತು ಐರ್ಲೆಂಡನ್ನು ಹೋಲಿಸಿ ಬರೆಸುತ್ತಿದ್ದೆ. ಟಾಂಜಾನಿಯಾ ಪುಸ್ತಕದಲ್ಲೇ ಇತ್ತು. ಐರ್ಲೆಂಡು ಆರಿಸಿದ್ದು ಮಾತ್ರ ನಾನು, ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಬ್ರಿಜಿಡ್ ಆ ದೇಶದವರು ಅಂತ. ಮಸ್ಕಾ ಅಂದರೂ ಅನ್ನಿ. ನಾನು ಎರಡೂ ದೇಶ ಕಂಡವಳಲ್ಲ. ಆಗ ನಾನು ಮಾಡಿದ್ದ ಅತಿ ದೂರದ ಪ್ರವಾಸವೆಂದರೆ ಧಾರವಾಡ. ಆದರೆ ಬಣ್ಣದ ಚಾಕ್‌ಪೀಸಿನಲ್ಲಿ ಎಡಗಡೆ ಗುಡಿಸಲು, ಬಲಗಡೆ ಹೊಗೆಗೂಡಿನ ಮನೆ ಬಿಡಿಸುವಾಗ ನನಗೆ ಎಳ್ಳಷ್ಟೂ ಅನುಮಾನ ಬರುತ್ತಿರಲಿಲ್ಲ.

ಆ ವರ್ಷ ಕ್ಲಾಸಿಗೆ ಜುಬೇದಾ ಬಂದಳು. ಬಿಜಾಪುರ ಕಡೆಯ ಮನೆತನ. ತಂದೆ ಟಾಂಜಾನಿಯಾದಲ್ಲಿ, ದೊಡ್ಡದೊಂದು ಸರೋವರದ ದಂಡೆಯ ಊರಿನಲ್ಲಿ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಅಂದರೆ ಜಿನ್ನಿನಲ್ಲಿ, ಫಿಟ್ಟರ್ ಆಗಿದ್ದವರು. ಜಿನ್ನು ಕೈ ಬದಲಾದ ಮೇಲೆ ಕೆಲಸ ಹೋಗಿ, ಹೆಂಡತಿ ಮಕ್ಕಳೊಂದಿಗೆ ಜೋಗೇಶ್ವರಿಯ ಚಾಳಿನ ಒಂದು ಖೋಲಿಗೆ ಬಂದು ಇಳಿದಿದ್ದರು. ಹುಡುಗಿಗೆ ಮರಾಠಿ ಬಾರದೆಂದು ಎರಡು ಕ್ಲಾಸು ಕೆಳಗೆ ಹಾಕಿದ್ದರಿಂದ ಅವಳು ಉಳಿದವರಿಗಿಂತ ಒಂದು ಗೇಣು ಎತ್ತರ. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಟ್ಟುಕೊಂಡು ಕೂಡುತ್ತಿದ್ದಳು. ನಾನು ಕನ್ನಡದವಳೆಂದು ಅವಳಿಗೆ ಯಾರು ಹೇಳಿದರೋ! ಒಂದು ದಿನ ವರಾಂಡದಲ್ಲಿ ಮೆಲ್ಲಗೆ, "ಟೀಚರ್, ನೀವು ನಮ್ಮ ಕಡೇದವ್ರಂತಲ್ರಿ?" ಅಂದಳು. ಮುಖದಲ್ಲಿ ಅಷ್ಟು ಹಿಗ್ಗು. "ಸ್ಪೀಕ್ ಇನ್ ಇಂಗ್ಲಿಷ್, ಜುಬೇದಾ," ಅಂದು ಮುಂದೆ ನಡೆದೆ. ಕೊರಳಿಗೆ ಬೋರ್ಡು ಹಾಕಲಿಲ್ಲ. ಅದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ.

ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಪಟ್ಟಿಯ ಪ್ರಶ್ನೆಗೆ ಹತ್ತು ಮಾರ್ಕು. ನಲವತ್ತು ಪೇಪರುಗಳಲ್ಲಿ ನನ್ನದೇ ಗುಡಿಸಲು, ನನ್ನದೇ ಹೊಗೆಗೂಡು. ಜುಬೇದಾಳ ಪೇಪರಿನಲ್ಲಿ ಮಾತ್ರ ಬೇರೆ. ಟಾಂಜಾನಿಯಾ: ಇಟ್ಟಿಗೆಯ ಮನೆ, ನಾಲ್ಕು ರೂಮು, ಒಳಗೇ ನಲ್ಲಿ, ಫ್ರಿಜ್ಜು, ಮಾವಿನ ಗಿಡ, ತಂದೆಗೆ ಮೋಟರ್ ಸೈಕಲ್. ಐರ್ಲೆಂಡ್: ಖಾಲಿ. ಕೆಳಗೆ ದುಂಡಗಿನ ಅಕ್ಷರದಲ್ಲಿ, 'ನಾನು ನೋಡಿಲ್ಲ' ಎಂಬ ಒಂದು ಇಂಗ್ಲಿಷ್ ವಾಕ್ಯ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಆ ಸೊನ್ನೆಯಿಂದ ಅವಳು ಭೂಗೋಳದಲ್ಲಿ ಫೇಲು. ಮರಾಠಿಯಲ್ಲಿ ಮೊದಲೇ ಫೇಲಾಗಿದ್ದಳು. ಒಂದು ವಿಷಯವಾದರೆ ಮುಂದಿನ ಕ್ಲಾಸಿಗೆ ದಾಟಿಸುತ್ತಿದ್ದರು, ಎರಡಾದರೆ ಅಲ್ಲೇ ಕೂಡಬೇಕು.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದಳು. ನಾನೊಬ್ಬಳೇ ಇದ್ದೆ.

"ಟೀಚರ್, ನಾ ಬರದದ್ದು ಸುಳ್ಳೇನ್ರಿ?"

"ಇನ್ ಇಂಗ್ಲಿಷ್..."

"ಇಂಗ್ಲಿಷ್‌ನ್ಯಾಗ ಅಳು ಬರ್ತದ್ರಿ," ಅಂದಳು. "ಇದೇ ಕ್ಲಾಸಿನ್ಯಾಗ ಕೂತ್ರ ಅಬ್ಬಾ ಸಾಲಿ ಬಿಡಸ್ತಾನ್ರಿ. ಎತ್ತರ ಆಗ್ಯಾಳ, ಲಗ್ನಾ ಮಾಡ್ರಿ ಅಂತ ಚಾಳಿನ ಮಂದೆಲ್ಲಾ ಅಂತಾರ. ಪಾಸ್ ಆದ್ರ ಓದಸ್ತೀನಿ ಅಂದಾನ."

ಅಲ್ಲಿಗೆ ನನ್ನ ಇಂಗ್ಲಿಷು ಕೈಕೊಟ್ಟಿತು. "ಹುಚ್ಚಿ, ನಿನ್ನ ಒಂದು ಮನಿ ಅಂದ್ರ ಇಡೀ ದೇಶ ಏನ?" ಅಂದೆ, ನಮ್ಮ ಅವ್ವನ ದನಿಯಲ್ಲಿ.

ಜುಬೇದಾ ಪೇಪರಿನಿಂದ ತಲೆ ಎತ್ತಿದಳು. ಉದ್ಧಟತನ ಇರಲಿಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದಳು: "ಹಂಗಾರ ಐರ್ಲೆಂಡಿನ್ಯಾಗ ನೀವು ಯಾರ ಮನಿ ಬರಸಿದ್ರಿ, ಟೀಚರ್?"

ಉತ್ತರ ಇಲ್ಲದ ಟೀಚರಿಗೆ ಮೊದಲು ಬರುವುದು ಸಿಟ್ಟು. ಅಷ್ಟರಲ್ಲಿ ಅವಳ ಹಿಂದೆ ಬಿಳಿಯ ನಿಲುವಂಗಿ ಕಂಡಿತು. ಸಿಸ್ಟರ್ ಬ್ರಿಜಿಡ್ ಯಾವಾಗ ಬಂದಿದ್ದರೋ.

"ಮಗು ಏನು ಕೇಳಿದಳು, ಮಿಸ್?" ಅಂದರು ಇಂಗ್ಲಿಷಿನಲ್ಲಿ.

ನಾನು ತಿರುಚಿ ಹೇಳಬಹುದಿತ್ತು. ಆದರೆ ಕಾನ್ವೆಂಟು ನನಗೆ ಕಲಿಸಿದ್ದರಲ್ಲಿ ಇದೊಂದು ಒಳ್ಳೆಯದು, ಸಿಸ್ಟರ್ ಎದುರು ಸುಳ್ಳು ಬರುತ್ತಿರಲಿಲ್ಲ. ಇದ್ದದ್ದು ಇದ್ದಂತೆ ಅನುವಾದಿಸಿದೆ. ಅವರು ಮೇಜಿನ ಮೇಲಿನ ಇನ್ನೊಬ್ಬ ಹುಡುಗಿಯ ಪೇಪರನ್ನು, ಪೂರ್ತಿ ಹತ್ತು ಮಾರ್ಕಿನದನ್ನು, ಎತ್ತಿಕೊಂಡು ಓದಿದರು. 'ಪ್ರತಿ ಮನೆಗೂ ನಲ್ಲಿ' ಎಂಬಲ್ಲಿ ಅವರಿಗೆ ನಗು ಬಂತು. ದೊಡ್ಡದಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನು ಹಡಗು ಹತ್ತುವ ದಿನದವರೆಗೂ ಬಾವಿಯಿಂದ ನೀರು ಹೊತ್ತೆ, ಮಿಸ್. ಎರಡು ಹೊಲ ದಾಟಿ. ನನಗೂ ನನ್ನ ತಮ್ಮನಿಗೂ ಸೇರಿ ಒಂದೇ ಜೊತೆ ಬೂಟು. ಭಾನುವಾರ ಅವನು ಚರ್ಚಿನ ಮೊದಲ ಪೂಜೆಗೆ ಹೋಗಿ ಬಂದ ಮೇಲೆ ನಾನು ಹಾಕಿಕೊಂಡು ಎರಡನೆಯದಕ್ಕೆ. ನಲ್ಲಿ ಇತ್ತು, ಇಲ್ಲ ಅನ್ನುವುದಿಲ್ಲ. ಜಮೀನುದಾರರ ಬಂಗಲೆಯಲ್ಲಿತ್ತು. ನನ್ನ ಅಕ್ಕ ಅಲ್ಲಿ ಆ ಹಿತ್ತಾಳೆಯ ನಲ್ಲಿಗಳನ್ನು ಉಜ್ಜುತ್ತಿದ್ದಳು." ಮತ್ತೆ ಪೇಪರಿಗೆ ಕಣ್ಣು ಹಾಕಿದರು. "ರಫ್ತು: ಬೆಣ್ಣೆ, ಲಿನನ್ ಬಟ್ಟೆ. ನಮ್ಮ ಊರಿಂದ ಹೊರಗೆ ಹೋಗುತ್ತಿದ್ದದ್ದು ಎರಡೇ, ದನ ಮತ್ತು ಮಕ್ಕಳು. ನಮ್ಮ ಮನೆಯ ಏಳು ಮಕ್ಕಳಲ್ಲಿ ಐದು ಜನ ದೇಶ ಬಿಟ್ಟು ಹೋದೆವು."

ಜುಬೇದಾ ಬಾಯಿ ತೆರೆದು ಅವರ ಕಾಲನ್ನೇ ನೋಡುತ್ತಿದ್ದಳು, ಕಪ್ಪು ಪಾಲಿಶಿನ ಷೂಗಳನ್ನು. ಗೆದ್ದೆ ಎಂಬ ಸಣ್ಣ ಬೆಳಕು ಅವಳ ಮುಖಕ್ಕೆ ಬರುತ್ತಿತ್ತು. ಸಿಸ್ಟರ್ ಅದನ್ನೂ ಕಂಡರು.

"ಟಾಂಜಾನಿಯಾದ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಯಾರು, ಮೈ ಚೈಲ್ಡ್?"

"ಮಾಮಾ ನೀಮಾ, ಸಿಸ್ಟರ್." ಅಲ್ಲಿ ದೊಡ್ಡ ಹೆಂಗಸರನ್ನು ಮಾಮಾ, ಅಂದರೆ ಅಮ್ಮ, ಎಂದು ಕರೆಯುತ್ತಾರಂತೆ.

"ಅವಳ ಮನೆಯಲ್ಲಿ ನಲ್ಲಿ ಇತ್ತೇ?"

ಹುಡುಗಿ ನನ್ನ ಕಡೆ ತಿರುಗಿದಳು. ಇದನ್ನು ಅವಳು ಇಂಗ್ಲಿಷಿನಲ್ಲಿ ಹೇಳಲಾರಳು ಎಂದು ನನಗೆ ಗೊತ್ತಾಯಿತು. "ಇರಲಿಲ್ರಿ, ಟೀಚರ್. ನಮ್ಮ ಹಿತ್ತಲದಾಗಿನ ನಲ್ಲಿಯಿಂದ ಒಯ್ತಿದ್ಳು. ಅಮ್ಮಿ ಗೇಟ್ ತಗದಾಗಷ್ಟ." ಆಮೇಲೆ ಇನ್ನೂ ಮೆಲ್ಲಗೆ, "ಒಮ್ಮೊಮ್ಮೆ ಅಮ್ಮಿ ಮಲಗಿದ್ರ ನಾನ ತಗೀಬೇಕಿತ್ತು. ಆಟ ಆಡ್ತಿದ್ನಿ, ಏಳ್ತಿರಲಿಲ್ಲ. ಆಕಿ ಕೊಡಾ ಹಿಡಕೊಂಡು ನಿಂತೇ ಇರ್ತಿದ್ಳು. ಈಗ ಚಾಳಿನ ನಲ್ಲಿ ಮುಂದ ಪಾಳಿ ಹಚ್ಚಿದಾಗ ಆಕಿ ನೆನಪಾಗ್ತಾಳ್ರಿ."

ಇದನ್ನೂ ಸಿಸ್ಟರಿಗೆ ಹೇಳಿದೆ. ಆ ದಿನ ನಾನು ಟೀಚರ್ ಆಗಿ ಮಾಡಿದ್ದು ಕಡಿಮೆ, ಎರಡು ದೇಶಗಳ ನಡುವೆ ಮಾತು ದಾಟಿಸಿದ್ದೇ ಹೆಚ್ಚು. ಸಿಸ್ಟರ್ ಜುಬೇದಾಳ ತಲೆ ನೇವರಿಸಿ, "ಇದು ನಿಮ್ಮ ಪೇಪರು, ಮಿಸ್. ನೀವೇ ನೋಡಿ," ಎಂದು ಹೊರಟುಹೋದರು. ಹೀಗೆ ಮಾಡಿ ಎಂದು ಆರ್ಡರ್ ಕೊಟ್ಟಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಪೇಪರ್ ಅಂದರೆ ಪೇಪರ್, ಪರೀಕ್ಷೆ ಮುಗಿಯಿತು ಎನ್ನಬಹುದಿತ್ತು. ಎನ್ನುವುದರಲ್ಲೇ ಇದ್ದೆ. ಆದರೆ ನನ್ನ ಬಾಯಲ್ಲಿ ಬಂದದ್ದು, "ಕೂಡು. ಮತ್ತ ಬರಿ," ಎಂದು. ಹೊಸ ಹಾಳೆ ಕೊಟ್ಟೆ. ನನ್ನ ಕುರ್ಚಿಯಲ್ಲೇ ಕೂಡಿಸಿದೆ, ಅಲ್ಲಾದರೂ ಅವಳ ಮೊಣಕಾಲಿಗೆ ಜಾಗವಿತ್ತು.

ಅವಳು ನಾಲ್ಕು ಕಾಲಂ ಹಾಕಿದಳು. ನಮ್ಮ ಮನೆ, ಮಾಮಾ ನೀಮಾಳ ಮನೆ, ಸಿಸ್ಟರ್ ಮನೆ, ಬಂಗಲೆ. ಮಾಮಾ ನೀಮಾಳದ್ದು ಮಣ್ಣಿನ ಗೋಡೆಯೇ, ತಗಡಿನ ಮಾಡು. ಊಟದ ಸಾಲಿನಲ್ಲಿ ಒಂದು ಕಡೆ ಜೋಳದ ಹಿಟ್ಟಿನ ಮುದ್ದೆ, ಇನ್ನೊಂದು ಕಡೆ ನನ್ನ ಪಟ್ಟಿಯಲ್ಲಿದ್ದ ಆಲೂಗಡ್ಡೆ. ಕೆಲಸದ ಸಾಲಿನಲ್ಲಿ ಒಗೆಯುವುದು ಎಂದು ಒಂದು ಕಡೆ, ಉಜ್ಜುವುದು ಎಂದು ಇನ್ನೊಂದು ಕಡೆ. ರಫ್ತಿನ ಎದುರು ಅವಳು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ: 'ಅಬ್ಬಾನ ಜಿನ್ನಿನಿಂದ ಹತ್ತಿ ಹೊರಗೆ ಹೋಗುತ್ತದೆ. ಮಾಮಾ ನೀಮಾ ಅಂಗಡಿಯಲ್ಲಿ ಹೊರಗಿನಿಂದ ಬಂದ ಹಳೆಯ ಅಂಗಿ ಕೊಳ್ಳುತ್ತಾಳೆ.' ಇಂಗ್ಲಿಷ್ ಸ್ಪೆಲ್ಲಿಂಗಿನ ತಪ್ಪು ಬೇಕಾದಷ್ಟಿತ್ತು. ಏಳು ಮಾರ್ಕು ಕೊಟ್ಟೆ. ಹತ್ತು ಕೊಡುವಷ್ಟು ದೊಡ್ಡ ಮನಸ್ಸು ನನಗಾಗ ಇರಲಿಲ್ಲ. ಆದರೆ ಏಳು ಸಾಕಾಯಿತು, ಜುಬೇದಾ ಪಾಸಾದಳು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ನಲವತ್ತೈದಕ್ಕೂ ಹೆಚ್ಚು ವರ್ಷ ಯಾರಿಗೂ ಹೇಳಿಲ್ಲ.

ಮರುವರ್ಷ ಆರನೇ ಕ್ಲಾಸಿಗೆ ಮತ್ತೆ ಆ ಪಾಠ ಬಂತು. ಇನ್‌ಸ್ಪೆಕ್ಷನ್ ಹತ್ತಿರವಿತ್ತು, ಪುಸ್ತಕ ಅದೇ ಇತ್ತು, ಹುಡುಗಿಯರು ಪರೀಕ್ಷೆಗೆ ಬೋರ್ಡಿನ ಮೇಲಿದ್ದದ್ದನ್ನೇ ಬಯಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಡುವೆ ಗೆರೆ ಎಳೆದೆ. ಎಡಗಡೆ ಗುಡಿಸಲು, ಬಲಗಡೆ ಹೊಗೆಗೂಡು. ಕಂದು ಚಾಕ್‌ಪೀಸಿನಿಂದ ಹುಲ್ಲಿನ ಮಾಡಿಗೆ ಗೀರು ಹಾಕುತ್ತಿದ್ದಾಗ ಬಾಗಿಲ ಕಡೆ ನೆರಳಾಯಿತು. ಏಳನೇ ಕ್ಲಾಸಿನ ಅಟೆಂಡನ್ಸ್ ರಿಜಿಸ್ಟರ್ ಆಫೀಸಿಗೆ ಒಯ್ಯುತ್ತಿದ್ದ ಜುಬೇದಾ ನಿಂತಿದ್ದಳು. ಬೋರ್ಡನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿದಳು. ಆಮೇಲೆ ನನ್ನನ್ನು ನೋಡಿದಳು. "ಗುಡ್ ಮಾರ್ನಿಂಗ್, ಮಿಸ್," ಎಂದಳು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ಮತ್ತು ಹೊರಟುಹೋದಳು. ಅದಾದ ಮೇಲೆ ಮ್ಯಾಟ್ರಿಕ್ ಮುಗಿಸಿ ಶಾಲೆ ಬಿಡುವವರೆಗೂ ನನ್ನೊಂದಿಗೆ ಒಂದು ಶಬ್ದ ಕನ್ನಡ ಆಡಲಿಲ್ಲ.

ನಾನು ಆ ಪಟ್ಟಿಯನ್ನು ರಿಟೈರ್ ಆಗುವವರೆಗೂ ಬರೆಸಿದೆ. ಎಷ್ಟು ಮಕ್ಕಳ ತಲೆಯಲ್ಲಿ ನನ್ನ ಆ ಗುಡಿಸಲು ಇನ್ನೂ ನಿಂತಿದೆಯೋ.

ಚಹಾದ ನೀರು ಇಂಗಿ ಪಾತ್ರೆಯ ತಳ ಕಾಣುತ್ತಿತ್ತು. ಗ್ಯಾಸು ಆರಿಸಿ ಫೋನ್ ಹಚ್ಚಿದೆ. ಅನ್ವಿಗೆ ಎಲ್ಲ ಹೇಳಿದೆ, ಮರುವರ್ಷದ್ದನ್ನೂ ಬಿಡದೆ. ಅವಳಿಗೆ ಕನ್ನಡ ಅಲ್ಲಲ್ಲಿ ತಪ್ಪುತ್ತದೆ, ತಪ್ಪಿದಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಸ್ವಿಮ್ಮಿಂಗಿನ ಮಾತನ್ನೇ ಅವಳು ಎತ್ತಲಿಲ್ಲ.

"ಸೋ ಯೂ ವರ್ ರಾಂಗ್, ಅಜ್ಜಿ?"

"ಹೌದವಾ. ಗೊತ್ತಿದ್ದೂ."

ಆ ಕಡೆ ಹಾಳೆ ಸರಿಸಿದ್ದು ಕೇಳಿಸಿತು. "ಬಟ್ ಶೀಟ್‌ನಲ್ಲಿ ದೋ ಹೀ ಕಾಲಂ ಇದೆ."

"ನಾಲ್ಕು ಮಾಡು. ಈಗಿನದ್ದು ನನಗೆ ಗೊತ್ತಿಲ್ಲ, ಐರ್ಲೆಂಡ್ ಈಗ ಶ್ರೀಮಂತ ದೇಶ ಅಂತಾರ, ಟಾಂಜಾನಿಯಾನೂ ಮೊದಲಿನ ಹಂಗ ಇರಲಿಕ್ಕಿಲ್ಲ. ಇಬ್ಬರೂ ಹುಡುಕೋಣ. ಆದ್ರ ನಾಲ್ಕು ಮಾಡು."

"ಟೀಚರ್ ಮಾರ್ಕ್ಸ್ ಕಟ್ ಮಾಡಿದ್ರೆ?"

"ಮಾಡಿದ್ರ ನಾ ಬಂದು ಮಾತಾಡ್ತೀನಿ."

"ನೀನು? ವಿಲೆ ಪಾರ್ಲೆ ಸೇ? ಲೋಕಲ್ ಟ್ರೇನ್‌ನಲ್ಲಿ? ವಿತ್ ಯುವರ್ ನೀಸ್?"

"ಸ್ಲೋ ಲೋಕಲ್‌ನಾಗ," ಅಂದೆ. "ಕೂಡಲಿಕ್ಕೆ ಜಾಗಾ ಸಿಗೋ ಹೊತ್ತಿನ್ಯಾಗ."

ಅವಳು ನಕ್ಕಳು. ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು, ಡ್ರಾಯರ್ ಎಳೆದ ಸದ್ದು. "ಅಜ್ಜಿ, ಹೋಲ್ಡ್ ಕರೋ," ಎಂದು ದೂರದಿಂದ ಕೂಗಿದಳು. "ಸ್ಕೇಲ್ ಹುಡುಕ್ತಾ ಇದೀನಿ."