ಅವ್ವ ಬಿಚ್ಚಿಟ್ಟ ಆಂಪ್ಲಿಫೈಯರ್

ಆಗೆಲ್ಲ ಹೊಸಪೇಟೆಯ ನಮ್ಮ ಓಣಿಯಲ್ಲಿ ಬೇಸಿಗೆ ರಜೆ ಎಂದರೆ ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ದೂಳು, ಕುಂಟಾಬಿಲ್ಲೆ ಆಟ, ಸಂಜೆಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿ. ನಮ್ಮ ಮನೆಯಲ್ಲಿ ಇನ್ನೊಂದು ವಾಸನೆಯೂ ಇರುತ್ತಿತ್ತು, ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯದು. ಅಪ್ಪ ಮದುವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದ. ಕೆಟ್ಟ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವಳು ಅವ್ವ. ತವರಿನಲ್ಲಿ ಅಣ್ಣನ ರೇಡಿಯೋ ಅಂಗಡಿಯಲ್ಲಿ ಕಲಿತ ಕೆಲಸ.

ನನಗೆ ಆ ಪೆಟ್ಟಿಗೆಗಳೆಂದರೆ ಜೀವ ಹಾರುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಟಿನ್ ಡಬ್ಬಿಯಂಥ ಎರಡು ದಪ್ಪ ಕೆಪಾಸಿಟರ್‌ಗಳು. ಅವ್ವ ಎಷ್ಟೋ ಸಲ ಎಚ್ಚರಿಸಿದ್ದಳು: "ವೈರ್ ಕಿತ್ತಿದ್ರೂ ಇವುಗಳ ಹೊಟ್ಟ್ಯಾಗ ಕರೆಂಟ್ ಇರತೈತಿ. ನಾ ಬಿದ್ರೂ ನನ್ನ ಮುಟ್ಟಬ್ಯಾಡ. ಮೊದ್ಲು ಸ್ವಿಚ್ ಆರಿಸು."

ನನಗಾಗ ಎಂಟು ವರ್ಷ. ಅಪ್ಪ ಸಂಡೂರಿಗೆ ಹೋಗಿದ್ದ. ಮಧ್ಯಾಹ್ನ ಮೆಟ್ರಿ ಎಂಬ ಊರಿನ ಈರಣ್ಣ, ನಮ್ಮಲ್ಲಿ ಬಾಡಿಗೆಗೆ ಒಯ್ದಿದ್ದ ಆಂಪ್ಲಿಫೈಯರ್ ಹೊತ್ತು ತಂದ.

"ಫ್ಯೂಸ್ ನಿಲ್ಲವಲ್ದು ಅಕ್ಕಾ. ಸಂಜಿಗೆ ಮದಿವಿ ಐತ್ರಿ."

"ಫ್ಯೂಸಿನ ಜಾಗಾದಾಗ ತಾಮ್ರದ ತಂತಿ ಯಾರು ಸುತ್ತ್ಯಾರ? ಸುಟ್ಟು ಹೋಗ್ತಿದ್ರಿ ಎಲ್ಲಾರೂ!" ಅವ್ವ ಬೈದಳು. ಅವನು ತಲೆ ಕೆರೆಯುತ್ತ ಮಾರ್ಕೆಟ್ಟಿಗೆ ಹೋದ.

ಅವ್ವ ಬಳೆ ತೆಗೆದಿಟ್ಟು ಕುಳಿತಳು. ಕರೆಂಟ್ ಬರುವ ದಾರಿಯಲ್ಲಿ ಒಂದು ಬಲ್ಬ್ ಕೂಡಿಸಿ ಸ್ವಿಚ್ ಹಾಕಿದಳು. ಬಲ್ಬ್ ಧಗಧಗ ಉರಿಯಿತು. "ಒಳಗ ಶಾರ್ಟ್ ಐತಿ," ಎಂದಳು. ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ಸುಟ್ಟಿತ್ತು. ಅದನ್ನು ಬದಲಿಸಿ ಮತ್ತೆ ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಶಾರ್ಟ್ ಹೋಯಿತೆಂದು ಅವ್ವ ನಕ್ಕಳು. ಒಂದು ಬೆಸುಗೆ ಮಾತ್ರ ಸಡಿಲವಾಗಿ ಕಂಡಿತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನೆಲಕ್ಕೆ ಹಾಕಿದಳು. ಕೆಪಾಸಿಟರ್ ಖಾಲಿ ಮಾಡಲು ಬೇರೊಂದು ಬಲ್ಬಿನ ತಂತಿಗಳನ್ನು ಅದಕ್ಕೆ ಮುಟ್ಟಿಸಿದಳು. ಬಲ್ಬ್ ಮಿಂಚಲಿಲ್ಲ.

"ಖಾಲಿ ಐತಿ," ಎಂದು ಕೈ ಹಾಕಿದಳು.

ಟಪ್ ಎಂಬ ಸದ್ದು. ಅವ್ವ ಹಿಂದಕ್ಕೆ ಹಾರಿ, ತಲೆ ಗೋಡೆಗೆ ಬಡಿದು ಕುಸಿದಳು. ಆ ಬಲ್ಬಿನೊಳಗಿನ ತಂತಿಯೇ ಹರಿದಿತ್ತು, ಕೆಪಾಸಿಟರ್ ಖಾಲಿಯಾಗಿರಲೇ ಇಲ್ಲ ಎಂದು ತಿಳಿದದ್ದು ಆಮೇಲೆ.

ನಾನು ಸ್ವಿಚ್ಚಿನ ಕಡೆ ನೋಡಿದೆ. ಅದು ಆರಿಯೇ ಇತ್ತು. ಅವ್ವ ಹೇಳಿಕೊಟ್ಟದ್ದು ಅಲ್ಲಿಗೆ ಮುಗಿದಿತ್ತು. ಅವ್ವನ ಕಣ್ಣು ಅರ್ಧ ತೆರೆದಿತ್ತು. "ಅವ್ವಾ," ಎಂದೆ. ಓಗೊಡಲಿಲ್ಲ. ಪೆಟ್ಟಿಗೆಯೊಳಗಿನ ಕರೆಂಟ್ ಈಗ ಅವ್ವನೊಳಗೆ ಹೊಕ್ಕಿದೆ, ಇನ್ನು ನನ್ನ ಕಡೆ ಬರುತ್ತದೆ ಅನ್ನಿಸಿತು. ಒಂದೊಂದೇ ಹೆಜ್ಜೆ ಹಿಂದಿಡುತ್ತ ಹೊಸಿಲು ದಾಟಿದೆ. ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದೆ. ಯಾರನ್ನೂ ಕೂಗಲಿಲ್ಲ. ಬಿಸಿಲಲ್ಲಿ ಬರಿಗಾಲಲ್ಲಿ ನಿಂತೇ ಇದ್ದೆ.

ಈರಣ್ಣ ಹೂವಿನ ಪೊಟ್ಟಣ ಹಿಡಿದು ಬಂದ. "ಅವ್ವ ಎಲ್ಲ್ಯವ್ವಾ?" ಅವನು ಚಿಲಕ ನೋಡಿದ, ನನ್ನ ಮುಖ ನೋಡಿದ, ಬಾಗಿಲು ತೆಗೆದು ಒಳಗೆ ನುಗ್ಗಿದ. ನೀರು ಚಿಮುಕಿಸಿ, ಅಂಗಾಲು ತಿಕ್ಕಿದ. ಎಷ್ಟೋ ಹೊತ್ತಿನ ಮೇಲೆ ಅವ್ವ ನರಳಿದಳು. ಅವಳ ಮೊದಲ ಮಾತು ನನ್ನ ಕುರಿತು.

"ಹುಡುಗಿ ಮುಟ್ಟಿತೇನು?"

"ಇಲ್ರೀ ಅಕ್ಕಾ. ಹೊರಗ ನಿಂತಿತ್ತು."

"ಶಾಣ್ಯಾಕಿ ನನ್ನ ಮಗಳು," ಎಂದು ಅವ್ವ ಅತ್ತಳು. ಈರಣ್ಣ ಚಿಲಕದ ಮಾತೆತ್ತಲಿಲ್ಲ, ಅಂದೂ ಇಲ್ಲ, ಮುಂದೆಂದೂ ಇಲ್ಲ.

ಅವ್ವ ಆ ಕಥೆಯನ್ನು ಓಣಿಗೆಲ್ಲ ಹೇಳಿದಳು. ತಾನು ಹೇಳಿದ ಮಾತನ್ನು ಮಗಳು ಮೀರಲಿಲ್ಲ, ಅದಕ್ಕೇ ಇಬ್ಬರೂ ಉಳಿದೆವು ಎಂದು. ಪ್ರತಿ ಸಲವೂ ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಎಂದುಕೊಂಡು ಜನ ನಗುತ್ತಿದ್ದರು.

ಈಗ ಆಂಪ್ಲಿಫೈಯರ್‌ಗಳು ಹಗುರ. ಕೆಟ್ಟರೆ ಇಡೀ ಬೋರ್ಡ್ ಬದಲಿಸುತ್ತಾರೆ, ಬಿಚ್ಚಿ ಕೂರುವವರಿಲ್ಲ. ಅವ್ವ ಹೋಗಿ ಎರಡು ವರ್ಷವಾಯಿತು. ಆಸ್ಪತ್ರೆಯಲ್ಲಿ ನರ್ಸಿಗೂ ಅದೇ ಕಥೆ ಹೇಳಿದ್ದಳು. ಪಕ್ಕದಲ್ಲೇ ಕುಳಿತಿದ್ದೆ. ಚಿಲಕ ಹಾಕಿದ್ದನ್ನು ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಅವಳು ನಗುತ್ತಿದ್ದಳು. ಅದನ್ನು ತಿಳಿಯುವ ದಾರಿ ಈಗ ಇಲ್ಲ.