ಮಗುಚಿದ ಬಸ್ಸಿನ ಫೋಟೊ

ನಮ್ಮ ಮನೆಗೆ ಪೇಪರು ಬರುವುದಿಲ್ಲ. ಡೈರಿಗೆ ಹಾಲು ಹಾಕಲು ಹೋದಾಗ ಅಪ್ಪ ಪಕ್ಕದ ಹೋಟೆಲಿನಲ್ಲಿ ಓದಿ ಬರುತ್ತಾರೆ. ನನಗೆ ಸುದ್ದಿ ಎಂದರೆ ಫೋನು. ಗೆಜ್ಜಲಗೆರೆಯ ಬಟ್ಟೆ ಕಾರ್ಖಾನೆಗೆ ಸೇರಿದ ಮೇಲೆ ಅದರ ಹುಚ್ಚು ಇನ್ನೂ ಹೆಚ್ಚಿತು. ಹೊಲಿಗೆಗೆ ಕೂತಾಗ ಫೋನು ಮುಟ್ಟುವಂತಿಲ್ಲ. ಊಟದ ಬೆಲ್ಲು ಹೊಡೆದದ್ದೇ ಬುತ್ತಿ ಬಿಚ್ಚುವ ಮೊದಲು ರೀಲ್ಸು, ಸ್ಟೇಟಸ್ಸು, ಮದ್ದೂರಿನ ಸುದ್ದಿ ಹಾಕುವ ಪೇಜು. ಅಷ್ಟರಲ್ಲಿ ಏನೋ ಆಗಿಹೋಗಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಎಂಬ ತಳಮಳ.

ಕಳೆದ ವರ್ಷ ಒಂದು ಮಧ್ಯಾಹ್ನ ಹಾಗೆ ತೆರೆದಾಗ ಕಂಡದ್ದು ಮಗುಚಿ ಬಿದ್ದ ಬಸ್ಸು. 'ಕೊಪ್ಪ-ಮದ್ದೂರು ರಸ್ತೆ. ಕಾಲೇಜು ಮಕ್ಕಳ ಬಸ್ ಪಲ್ಟಿ. ಎಲ್ಲರಿಗೂ ಶೇರ್ ಮಾಡಿ.'

ನನ್ನ ತಂಗಿ ದಿನವೂ ಆ ರಸ್ತೆಯಲ್ಲೇ ಕಾಲೇಜಿಗೆ ಹೋಗುವವಳು. ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ. ಫೋಟೊವನ್ನು ಕಾರ್ಖಾನೆಯ ಗೆಳತಿಯರ ಗ್ರೂಪಿಗೆ ಹಾಕಿದೆ. ಅವ್ವನಿಗೆ ಓದಲು ಬಾರದು ಎಂದು ಮಾತಾಡಿ ಕಳಿಸಿದೆ: "ಅವ್ವಾ, ಚಿಕ್ಕೋಳು ಓಗೋ ಬಸ್ಸು ಬಿದ್ದೋಗದೆ ಕಣವ್ವ. ಫೋನೂ ಸಿಗ್ತಿಲ್ಲ."

ರಜೆ ಕೇಳಿಕೊಂಡು ಮದ್ದೂರಿನ ಆಸ್ಪತ್ರೆಗೆ ಓಡಿದೆ. ಬಾಗಿಲಲ್ಲಿದ್ದವರು ನನ್ನನ್ನೇ ನೋಡಿದರು. "ಯಾವ ಬಸ್ಸಮ್ಮ? ಇಲ್ಗೆ ಯಾರೂ ಬಂದಿಲ್ವಲ್ಲ."

ಅಲ್ಲಿಂದ ಕಾಲೇಜಿಗೆ ಹೋದರೆ, ತಂಗಿ ಗೆಳತಿಯರ ಜೊತೆ ನಗುತ್ತಾ ಹೊರಗೆ ಬಂದಳು. ಟೆಸ್ಟು ಇತ್ತಂತೆ, ಫೋನು ಆಫ್ ಮಾಡಿ ಬ್ಯಾಗಿಗೆ ಹಾಕಿದ್ದಳು. ನಾನು ಅವಳನ್ನು ತಬ್ಬಿಕೊಂಡು ಅಳುತ್ತಿರುವಾಗಲೇ ಅಪ್ಪನ ಫೋನು ಬಂತು. ನನ್ನ ಮಾತು ಕೇಳಿದ ಅವ್ವ ಗದ್ದೆಯ ಬದುವಿನ ಮೇಲೆ ಓಡುತ್ತಾ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು.

ಅದೇ ಆಸ್ಪತ್ರೆಯಲ್ಲಿ ಅವ್ವನ ಕೈಗೆ ಪ್ಲಾಸ್ಟರ್ ಹಾಕಿದರು. "ಒಂದ್ ಗಳ್ಗೆ ತಡ್ಕೊಳಕಾಗ್ನಿಲ್ವ ನಿಂಗೆ?" ಎಂದು ತಂಗಿ ಸಿಡುಕಿದಳು.

"ಬುಡೇ, ಬೈಬ್ಯಾಡ ಅವ್ಳ. ನೀನು ನೆಟ್ಗಿದ್ದೀಯಲ್ಲ, ಅಷ್ಟು ಸಾಕು" ಎಂದಳು ಅವ್ವ.

ಅಪ್ಪ ಮಾತ್ರ ಮೆಲ್ಲಗೆ ಕೇಳಿದರು. "ಅದ ಬರ್ದೋರು ಯಾರು?"

"ಗೊತ್ತಿಲ್ಲ ಅಪ್ಪ."

ಅವರು ಔಷಧಿಯ ಚೀಟಿ ತೆಗೆದುಕೊಂಡು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಬಸ್ಸಿನ ಬೋರ್ಡಿನಲ್ಲಿದ್ದುದು ಕನ್ನಡವೇ ಅಲ್ಲ. ಮಧ್ಯಾಹ್ನವೂ ಅದು ಕಣ್ಣೆದುರೇ ಇತ್ತು. ಅಷ್ಟು ಹೊತ್ತಿಗೆ ನನ್ನ ಗೆಳತಿಯರ ಸ್ಟೇಟಸ್ಸಿನಲ್ಲೆಲ್ಲ ಅದೇ ಬಸ್ಸು. 'ಸುಳ್ಳು ಸುದ್ದಿ, ತಪ್ಪಾಯಿತು, ತೆಗೆದುಬಿಡಿ' ಎಂದು ಬರೆದೆ. ಒಬ್ಬಳು ಹೆಬ್ಬೆರಳಿನ ಗುರುತು ಒತ್ತಿದಳು. ಉಳಿದವರು ನೋಡಿದರು, ಬಸ್ಸನ್ನು ಮಾತ್ರ ತೆಗೆಯಲಿಲ್ಲ.

ಅವ್ವನ ಕೈ ಕೂಡಿಕೊಳ್ಳುವವರೆಗೆ ಎರಡೂ ಹಸುಗಳ ಹಾಲು ನಾನೇ ಕರೆದೆ. ಫೋನನ್ನು ಬೇಕೆಂದೇ ಒಳಗೆ ಬಿಟ್ಟು ಬರುತ್ತಿದ್ದೆ. ಆದರೂ ಅಲ್ಲಿ ಟಿಣ್ ಎಂದರೆ ಕೆಚ್ಚಲಲ್ಲಿದ್ದ ಕೈ ನಿಂತುಬಿಡುತ್ತಿತ್ತು. ಹಸು ಕಾಲು ಝಾಡಿಸುತ್ತಿತ್ತು.