ಎಡೆಗೆ ಇಟ್ಟ ರೆಕಾರ್ಡು

ಮಕ್ಕಳೇ, ಹೋದ ಪಿತೃಪಕ್ಷದಲ್ಲಿ ಎಡೆಯ ಕೋಣೆಯ ಬಾಗಿಲನ್ನು ನಾನು ನಡುವೆಯೇ ತೆಗೆದದ್ದನ್ನು ನೀವು ನೋಡಿದಿರಿ. ಅಜ್ಜಿಗೆ ತಲೆ ಕೆಟ್ಟಿದೆ ಎಂದು ನಿಮ್ಮಪ್ಪ ಹೇಳಿದ್ದೂ ನಿಮ್ಮ ಕಿವಿಗೆ ಬಿದ್ದಿರಬೇಕು. ತಲೆ ಕೆಟ್ಟಿರಲಿಲ್ಲ, ಸಿಟ್ಟು ಬಂದಿತ್ತು. ಇನ್ನೂ ಇಳಿದಿಲ್ಲ.

ನಿಮ್ಮ ತಾತ ಶಿವಾಜಿನಗರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಲ್ಲಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕ ಅಮೆರಿಕದ ಕಪ್ಪು ಜನರ ಹಾಡಿನ ರೆಕಾರ್ಡುಗಳನ್ನು ಹೊರಮಾವಿನ ಮನೆಗೆ ತರುತ್ತಿದ್ದರು. ಐದು ಜನ ಗಂಡಸರು ಕೂಡಿ ಹಾಡುವ ಒಂದು ತಂಡದ್ದೇ ಏಳಿದ್ದವು. ಮದುವೆಯಾದ ಹೊಸತರಲ್ಲಿ ಅವನ್ನೆಲ್ಲ ಒಂದೊಂದಾಗಿ ಕೇಳಿಸಿ, ಚಾಪೆಯ ಮೇಲೆ ಹರಡಿ, ಯಾವುದು ಚೆನ್ನಾಗಿದೆ ಎಂದು ಕೇಳಿದರು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಬಾರದು, ಗಂಡನೆದುರು ಬಾಯಿ ಬಿಡಲು ನಾಚಿಕೆ. ಕಂದು ರಟ್ಟಿನ ಹೊದಿಕೆಯದನ್ನು ಬೆರಳಿನಿಂದ ತೋರಿಸಿದೆ. ಅದರ ಎರಡನೇ ಬದಿಯಲ್ಲಿ ದಪ್ಪ ದನಿಯವನು ಒಬ್ಬನೇ ಹಾಡುತ್ತ ಹಾಡುತ್ತ ಸುಮ್ಮನಾಗಿಬಿಡುತ್ತಾನೆ. ಉಳಿದ ನಾಲ್ವರು ಮೆಲ್ಲಗೆ ಗುನುಗುತ್ತ ಅವನಿಗಾಗಿ ಕಾಯುತ್ತಾರೆ. ನಮ್ಮೂರಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಹಾಗೆಯೇ ಕೂರುತ್ತಿದ್ದರು. ಹೌದು, ಇದೇ ಎಂದರು ತಾತ. ಆಮೇಲೆ ಪ್ರತಿ ಭಾನುವಾರ ಮಟನ್ ಊಟವಾದ ಮೇಲೆ ನಮ್ಮಿಬ್ಬರಿಗೂ ಅದೇ.

ತಾತ ಹೋದ ಮೇಲೆ, ಈ ಪಿತೃಪಕ್ಷದ ಎಡೆಗೆ ಮನೆಯವರು ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟರು: ಮುದ್ದೆ, ತಲೆಮಾಂಸ, ಹೊಸ ಪಂಚೆ, ಸಿಗರೇಟು. ಒಂದು ರೆಕಾರ್ಡನ್ನೂ ಇಡೋಣ ಎಂದ ತಾತನ ತಮ್ಮ. ನಿಮ್ಮಪ್ಪ ಫೋನಿನಲ್ಲಿ ಹುಡುಕಿ, ಈ ತಂಡದ್ದರಲ್ಲೆಲ್ಲ ಶ್ರೇಷ್ಠವಾದದ್ದು ಇದೇ ಎಂದು ಬೇರೊಂದನ್ನು ಎತ್ತಿಕೊಂಡ. ಗೀರಿಲ್ಲದೆ ಹೊಳೆಯುತ್ತಿತ್ತು. ಹೊಳೆಯದೆ ಏನು, ತಾತ ಅದನ್ನು ಎರಡು ಸಲಕ್ಕಿಂತ ಹೆಚ್ಚು ಹಾಕಿರಲಿಲ್ಲ. ನಾನು ಕಂದು ರಟ್ಟಿನದನ್ನು ತಂದು ಅವನ ಕೈಗೆ ಕೊಟ್ಟೆ.

“ಗೀರು ಬಿದ್ದಿರೋದನ್ನ ಎಡೆಗಿಡ್ತಾರೇನಮ್ಮಾ? ಇಂಗ್ಲಿಷ್ ಹಾಡು ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು,” ಎಂದು ಅದನ್ನು ನನ್ನ ಕೈಗೇ ವಾಪಸು ಕೊಟ್ಟ.

ಎಲ್ಲರೂ ನಕ್ಕರು. ನಾನು ಸುಮ್ಮನಾದೆ. ಹಾಗೆ ಸುಮ್ಮನಾದೆನಲ್ಲ ಎಂದು ನನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಒಳಗೆ ಅವರು ಎಲೆಯ ಮುಂದೆ ಕೂತು, ಆ ಹೊಳೆಯುವ ರೆಕಾರ್ಡನ್ನು ನೋಡಿ, ಇವಳು ಮರೆತುಬಿಟ್ಟಳೇ ಎಂದುಕೊಳ್ಳುತ್ತಿರಬಹುದು ಅನ್ನಿಸಿತು. ಇನ್ನು ನಿಲ್ಲಲಾಗಲಿಲ್ಲ. ಅಗುಳಿಗೆ ಕೈ ಹಾಕಿದೆ.

“ಅತ್ತಿಗೆ, ಅಣ್ಣ ಊಟ ಮಾಡೋ ಹೊತ್ತು, ತೆಗೀಬಾರ್ದು,” ಎಂದ ಮೈದುನ.

“ಊಟಕ್ಕೆ ಕೂತವರಿಗೆ ತಪ್ಪು ಬಡಿಸಿದ್ದೀರ,” ಎಂದೆ.

ಹೊಳೆಯುವುದನ್ನು ತಂದು ನಿಮ್ಮಪ್ಪನ ಕೈಗಿಟ್ಟೆ. ಮತ್ತೆ ಒಳಗೆ ಹೋಗಿ, ಮೂಲೆಯಲ್ಲಿದ್ದ ತಾತನ ರೆಕಾರ್ಡ್ ಪ್ಲೇಯರಿನಲ್ಲಿ ಕಂದು ರಟ್ಟಿನದರ ಎರಡನೇ ಬದಿ ಹಾಕಿ, ಬಾಗಿಲಿಗೆ ಚಿಲಕ ಹಾಕಿಕೊಂಡೆ. ಹಿರಿಯರು ಉಣ್ಣುವಾಗ ಬದುಕಿರುವವರು ಒಳಗಿರಬಾರದು ಎನ್ನುತ್ತಾರೆ. ನಾನು ಎಲೆಯ ಎದುರಿಗೇ ಕೂತೆ. ನಿಮ್ಮಪ್ಪ ಎರಡು ಸಲ ಬಾಗಿಲು ಬಡಿದ. ಆ ಬದಿ ಮುಗಿಯುವ ತನಕ ತೆಗೆಯಲಿಲ್ಲ.